ಜಪಾನ್ ಬಸವ್ವನ ಕೈಕೆಳಗೆ

ಈ ಕೆಲಸದಲ್ಲಿ ಮೊದಲು ಸವೆಯುವುದು ಹೆಬ್ಬೆರಳಿನ ಬುಡ. ಆಮೇಲೆ ಮೊಣಕಾಲು. ನನ್ನವು ಎರಡೂ ಸವೆದಿವೆ. ಹೀಗಾಗಿ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದೇನೆ. ಕೂತಿದ್ದೇನೆ ಎನ್ನುವುದು ಹೆಸರಿಗೆ ಮಾತ್ರ. ಎದ್ದು ಬಾಗಿಲಿಗೆ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ, ನನ್ನ ಕಾಲನ್ನೇ ನಾನು ಒತ್ತಿಕೊಳ್ಳುತ್ತೇನೆ.

ಹೋದ ತಿಂಗಳು ಇಬ್ಬರು ಹುಡುಗಿಯರು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಹೈದರಾಬಾದಿನಲ್ಲಿ ಮೈ ಒತ್ತುವ ವಿದ್ಯೆ ಕಲಿತು ಬಂದವರು. ಮನುಷ್ಯನ ಮೈಮೇಲೆಲ್ಲ ಚುಕ್ಕೆ ಇಟ್ಟ ಒಂದು ದೊಡ್ಡ ಚಿತ್ರ ಅವರ ಹತ್ತಿರ ಇತ್ತು. ಅದನ್ನು ನೆಲದ ಮೇಲೆ ಹರವಿ ಒಬ್ಬಳು ಕೇಳಿದಳು: “ಅಜ್ಜಿ, ನಿಮ್ಮ ಕಾಲದಾಗೂ ಶಿಯಾತ್ಸು ಇತ್ತಂತ, ಖರೇನ್ರಿ?”

ಇತ್ತು ಎಂದೆ. ನಿಜಾಮರ ರಾಜ್ಯದಲ್ಲಿ, ಇದೇ ನಾರಾಯಣಪೇಟೆಯಲ್ಲಿ ಇತ್ತು ಎಂದೆ. ಅವರು ಮುಖ ಮುಖ ನೋಡಿಕೊಂಡರು. ಇನ್ನೊಬ್ಬಳು ಕೇಳಿದಳು: “ಹಂಗಾರ ಹೇಳ್ರಿ ಅಜ್ಜಿ, ಇದರಿಂದ ಯಾವ್ಯಾವ ರೋಗ ಹೋಗ್ತಾವು?”

ಆ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಚಹಾ ಕುಡಿಸಿ ಕಳಿಸಿದೆ. ಅವರು ಹೋದ ಮೇಲೆ ನನಗೆ ಸಮಾಧಾನವಾಗಲಿಲ್ಲ. ಒಂದು ಮಾತಿನಲ್ಲಿ ಹೇಳಲು ಬಾರದ್ದನ್ನು ಬರೆದಾದರೂ ಇಡೋಣ ಎಂದು ಕೂತಿದ್ದೇನೆ. ಕನ್ನಡದ ಅಕ್ಷರ ಮಠದ ಅಯ್ಯನವರ ಹತ್ತಿರ ಕಲಿತದ್ದು, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ನನ್ನ ಹೆಸರು ನೀಲವ್ವ. ನಮ್ಮದು ನೇಕಾರರ ಮನೆ. ಅಪ್ಪ ಬೆಳಗ್ಗೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಉಣ್ಣುವ ಹೊತ್ತಿಗೇ ಮೇಲೇಳುತ್ತಿದ್ದದ್ದು. ಅವ್ವನೂ ನಾನೂ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆವು. ನನಗೆ ಒಂದು ಕಡೆ ಕೂರುವುದೆಂದರೆ ಆಗುತ್ತಿರಲಿಲ್ಲ. ನನ್ನ ಕೈಯ ಕಂಡಿಕೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. “ಈಕಿ ಸುತ್ತಿದ್ದು ಲಾಳ್ಯಾಗ ಕುಣೀತೈತಿ” ಎಂದು ಅಪ್ಪ ಬೈಯುತ್ತಿದ್ದ.

ಒಂದು ಮಳೆಗಾಲದಲ್ಲಿ ಅಪ್ಪನ ಬಲಗೈ ಜೋಮು ಹಿಡಿಯಿತು. ಭುಜದಿಂದ ಬೆರಳಿನ ತುದಿಯವರೆಗೆ ಉರಿ, ಆಮೇಲೆ ಸ್ಪರ್ಶವೇ ಇಲ್ಲ. ಲಾಳಿ ಕೈಯಿಂದ ಜಾರಿ ಕುಣಿಯಲ್ಲಿ ಬೀಳುತ್ತಿತ್ತು. ಆಗ ಮೈನೋವೆಂದರೆ ಕ್ಷೌರದವನನ್ನು ಕರೆಸುವುದು ರೂಢಿ. ಅವನು ಬಂದು ಕುಸುಬೆ ಎಣ್ಣೆ ಸುರಿದು ತಿಕ್ಕಿ, ತಟ್ಟಿ, ಕೈ ಜಗ್ಗಿ ಲಟಿಕೆ ತೆಗೆದ. ಅದಾದ ಮೇಲೆ ಅಪ್ಪನಿಗೆ ರೊಟ್ಟಿ ಮುರಿಯುವುದೂ ಕಷ್ಟವಾಯಿತು. ಆಗ ಅವ್ವ ಜಪಾನ್ ಬಸವ್ವನಿಗೆ ಹೇಳಿ ಕಳಿಸಿದಳು.

ಬಸವ್ವನ ಬಗ್ಗೆ ಊರಿನಲ್ಲಿ ಹತ್ತು ಮಾತಿದ್ದವು. ಆಕೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು. ನಮ್ಮ ಊರಿಗೆ ರೇಷ್ಮೆ ನೂಲು ತರಿಸುತ್ತಿದ್ದ ಹೈದರಾಬಾದಿನ ಸೇಠರೊಬ್ಬರ ಮನೆಯಲ್ಲಿ ಮಕ್ಕಳನ್ನು ಆಡಿಸಲು ಸೇರಿದಳು. ಸೇಠರ ವ್ಯಾಪಾರ ಜಪಾನಿನ ಕೋಬೆ ಎಂಬ ಬಂದರಿನವರೆಗೆ ಇತ್ತು. ಅವರು ಸಂಸಾರ ಕಟ್ಟಿಕೊಂಡು ಅಲ್ಲಿಗೆ ಹೋದಾಗ ಬಸವ್ವನನ್ನೂ ಹಡಗು ಹತ್ತಿಸಿದರು. ಅಲ್ಲಿ ಸೇಠರ ತಾಯಿಯ ಸೊಂಟ ಒತ್ತಲು ಒಬ್ಬ ಕುರುಡಿ ಬರುತ್ತಿದ್ದಳಂತೆ. ಆಕೆಯ ಕೈ ಹಿಡಿದು ಮನೆಯಿಂದ ಮನೆಗೆ ಮುಟ್ಟಿಸುತ್ತ, ಆಕೆ ಒತ್ತುವುದನ್ನು ನೋಡುತ್ತ ಬಸವ್ವ ವಿದ್ಯೆ ಕಲಿತಳು. ದೊಡ್ಡ ಯುದ್ಧ ಬರುತ್ತದೆಂಬ ಸುದ್ದಿ ಎದ್ದಾಗ ಸೇಠರು ತಿರುಗಿ ಬಂದರು, ಇವಳೂ ಬಂದಳು. ಶಿಯಾತ್ಸು ಎಂದರೆ ಬೆರಳಿನಿಂದ ಒತ್ತುವುದು, ಅಷ್ಟೇ ಅದರ ಅರ್ಥ ಎನ್ನುತ್ತಿದ್ದಳು. ಊರಿನ ಬಾಯಲ್ಲಿ ಅದು ನಿಲ್ಲಲಿಲ್ಲ. ನಮ್ಮನ್ನು ಒತ್ತುವವರು ಎಂದೇ ಕರೆದರು.

ಬಸವ್ವ ನಮ್ಮ ಮನೆಗೆ ಬಂದವಳು ಚಪ್ಪಲಿ ಬಿಟ್ಟು, ಬಗ್ಗಿ ಅವುಗಳ ಮೂತಿಯನ್ನು ಬೀದಿಯ ಕಡೆ ತಿರುಗಿಸಿ ಜೋಡಿಸಿದಳು. ಅದನ್ನು ನೋಡಿಯೇ ನಾನು ಬೆರಗಾದೆ.

“ಎಣ್ಣಿ ಬ್ಯಾಡ. ಅಂಗಿ ತೆಗಿಯೂದೂ ಬ್ಯಾಡ. ಒಂದ್ ಚಾಪಿ ಹಾಸ್ರಿ, ಸಾಕು” ಎಂದಳು.

ಅಪ್ಪನನ್ನು ಬೋರಲು ಮಲಗಿಸಿ ಮಗ್ಗುಲಲ್ಲಿ ಮೊಣಕಾಲೂರಿದಳು. ನೋವಿದ್ದ ಕೈಯನ್ನು ಮುಟ್ಟಲಿಲ್ಲ. ಕುತ್ತಿಗೆಯ ಬುಡ, ರೆಕ್ಕೆಯ ಎಲುಬಿನ ಅಂಚು, ಸೊಂಟದ ಎರಡು ಕಡೆ, ಅಂಗಾಲು, ಹೀಗೆ ಹೆಬ್ಬೆರಳು ಇಟ್ಟು ಮೈಭಾರವನ್ನು ಮೆಲ್ಲಗೆ ಇಳಿಬಿಡುತ್ತಿದ್ದಳು. ತಿಕ್ಕುವುದಿಲ್ಲ, ತಟ್ಟುವುದಿಲ್ಲ. ಇಟ್ಟ ಬೆರಳು ಅಲ್ಲೇ ನಿಲ್ಲುತ್ತಿತ್ತು. ಅಪ್ಪ ಉಸಿರು ಬಿಟ್ಟಾಗ ಇಳಿಯುತ್ತಿತ್ತು, ಉಸಿರು ಎಳೆದಾಗ ಮೇಲೆ ಬರುತ್ತಿತ್ತು.

ಅಪ್ಪನಿಗೆ ತಾಳ್ಮೆ ಕಡಿಮೆ. “ನೋವು ಕೈಯಾಗ ಐತಿ ಯಕ್ಕ, ನೀ ಸೊಂಟ ಒತ್ತಾಕತ್ತೀಯಲ್ಲ” ಎಂದ.

“ಅಳಾಕತ್ತಿದ್ದು ಕೈ, ತಮ್ಮ. ಹೊಡದಾವ ಬ್ಯಾರೆ ಕಡೆ ಅದಾನ. ಸುಮ್ಕ ಮಲಕೋ” ಎಂದಳು.

ಅಪ್ಪ ಒತ್ತಿಸಿಕೊಳ್ಳುತ್ತಲೇ ನಿದ್ದೆ ಹೋದ. ನೋವು ಶುರುವಾದಾಗಿನಿಂದ ಅವನು ಹಾಗೆ ಮಲಗಿರಲಿಲ್ಲ. ಅವನು ಎದ್ದ ಮೇಲೆ ಬಸವ್ವ ಹೇಳಿದ್ದು ಒಂದೇ ಮಾತು: ಕಂಡಿಕೆ ಮುಗಿದಾಗೆಲ್ಲ ಕುಣಿಯಿಂದ ಮೇಲೆ ಬಂದು ತೊಲೆ ಮುಟ್ಟುವಂತೆ ಕೈ ಎತ್ತಬೇಕು. ಆಕೆ ಮತ್ತೆ ಮತ್ತೆ ಬಂದು ಹೋದಳು, ಅಪ್ಪ ಬೈಯುತ್ತಲೇ ತೊಲೆ ಮುಟ್ಟಿದ, ಚಳಿಗಾಲದ ಹೊತ್ತಿಗೆ ಲಾಳಿ ಮತ್ತೆ ಕೈಯಲ್ಲಿ ನಿಂತಿತು. ಒತ್ತಿದ್ದರಿಂದ ಎಷ್ಟು, ಕುಣಿಯಿಂದ ಎದ್ದದ್ದರಿಂದ ಎಷ್ಟು ಎಂದು ನಾನು ಆಗಿನಿಂದ ಯೋಚಿಸುತ್ತಲೇ ಇದ್ದೇನೆ. ಆದರೆ ಆ ದಿನ ಯೋಚಿಸಲಿಲ್ಲ. ಬಸವ್ವನ ಹಿಂದೆ ಬಿದ್ದೆ.

ಹುಡುಗಿಯರೇ, ಕಲಿಯುವುದು ನೀವು ಅಂದುಕೊಂಡ ಹಾಗೆ ಇರಲಿಲ್ಲ. ಚಿತ್ರವಿಲ್ಲ, ಚುಕ್ಕೆಯಿಲ್ಲ. ಬಸವ್ವ ತನ್ನ ಕಾಲು ಚಾಚಿ ಕೂತು “ಒತ್ತು” ಎನ್ನುತ್ತಿದ್ದಳು. ಒತ್ತುತ್ತಿದ್ದೆ. “ನಿನ್ನ ಕೈ ಓಡ್ತಾವ ಬೇ. ಯಾರರ ಬೆನ್ನು ಹತ್ಯಾರೇನು?” ಎನ್ನುತ್ತಿದ್ದಳು. ನನ್ನ ಹೆಬ್ಬೆರಳು ಒಂದು ಕಡೆ ಇಟ್ಟ ಕೂಡಲೇ ಮುಂದಿನ ಕಡೆಗೆ ಹಾರುತ್ತಿತ್ತು. ಬೆರಳಿನ ಬಲದಿಂದ ಒತ್ತುತ್ತಿದ್ದೆ, ಹಾಗಾಗಿ ಬೆರಳು ನಡುಗುತ್ತಿತ್ತು. ತೋಳು ನೆಟ್ಟಗಿಟ್ಟು ಸೊಂಟದಿಂದ ಬಾಗಬೇಕು, ಮೈಭಾರವೇ ಕೆಲಸ ಮಾಡಬೇಕು, ಬೆರಳು ಬರೀ ದಾರಿ ತೋರಿಸಬೇಕು. ಇದು ಮೈಗೆ ಹತ್ತಲು ವರ್ಷ ಕಳೆಯಿತು. ಈಗ ಕಲಿಯುವವರು ಬೇಗ ಕಲಿಯುತ್ತಾರೆ ಎಂದು ಕೇಳಿದ್ದೇನೆ. ಇರಬಹುದು. ಆದರೆ ಇಟ್ಟ ಬೆರಳಿನ ಕೆಳಗೆ ಏನು ನಡೆಯುತ್ತಿದೆ ಎಂದು ತಿಳಿಯುವವರೆಗೆ ಅದನ್ನು ಎತ್ತಬೇಡಿ.

ನಮ್ಮ ಹತ್ತಿರ ಬರುತ್ತಿದ್ದವರು ಹೆಚ್ಚಾಗಿ ನೇಕಾರರ ಮನೆಯ ಹೆಂಗಸರು. ದಿನವೆಲ್ಲ ನೂಲು ಸುತ್ತಿ ಕುತ್ತಿಗೆ ಕಲ್ಲಾದವರು, ಬಾಣಂತನದ ನಂತರ ಸೊಂಟ ಹಿಡಿದವರು, ನಿದ್ದೆ ಬಾರದವರು. ಒತ್ತಿದ ಮೇಲೆ ಉಸಿರು ಹೊಟ್ಟೆಯವರೆಗೆ ಇಳಿಯುತ್ತಿತ್ತು. ತಲೆನೋವು ಕಡಿಮೆಯಾಗುತ್ತಿತ್ತು. ಮಲಬದ್ಧತೆ ಇದ್ದವರಿಗೆ ಹೊಟ್ಟೆ ಸಡಿಲವಾಗುತ್ತಿತ್ತು. ಕೆಲವರು ಕಾರಣವಿಲ್ಲದೆ ಅತ್ತು, ಮುಖ ತೊಳೆದುಕೊಂಡು ಹಗುರಾಗಿ ಮನೆಗೆ ಹೋಗುತ್ತಿದ್ದರು. ಇಷ್ಟನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಕ್ತಲ್‌ನಲ್ಲಿ ತಹಶೀಲಿನ ಒಬ್ಬ ಅಧಿಕಾರಿಯ ಬೀಬಿಗೆ ಒತ್ತಲು ನನ್ನನ್ನು ಕರೆಸಿದ್ದರು. ಅವರು ಹೆಂಗಸರ ಮುಂದೂ ಪರದೆ ಸರಿಸದ ಕಟ್ಟುನಿಟ್ಟಿನವರು. ಪರದೆಯ ಸಂದಿನಿಂದ ಒಂದು ಕೈ ಹೊರಗೆ ಬಂತು. “ಹಾಥ್ ದಬಾವ್, ಬಸ್” ಎಂಬ ಧ್ವನಿ ಬಂತು. ತಿಂಗಳುಗಟ್ಟಲೆ ನಾನು ಆ ಕೈಯನ್ನಷ್ಟೇ ಒತ್ತಿದೆ. ಮುಖ ಕಾಣದ್ದರಿಂದ ಕೈಯೇ ಮಾತಾಡತೊಡಗಿತು. ಮುಷ್ಟಿ ಬಿಗಿಯಾಗಿದ್ದ ದಿನ ಮನೆಯಲ್ಲಿ ಜಗಳ, ಅಂಗೈ ತಣ್ಣಗಿದ್ದ ದಿನ ಅವರಿಗೆ ಊಟ ಸೇರಿಲ್ಲ. ಕಡೆಗೆ ಒಂದು ದಿನ ಪರದೆ ಸರಿಯಿತು. ನಾನು ಅಂದುಕೊಂಡದ್ದಕ್ಕಿಂತ ಬಹಳ ಚಿಕ್ಕವರು, ನನಗಿಂತ ಚಿಕ್ಕವರು. “ಬೆನ್ನು ನೋಯ್ತದ” ಎಂದು ಕನ್ನಡದಲ್ಲೇ ಅಂದರು. ಯಾವಾಗ ಕಲಿತಿದ್ದರೋ. ಪರದೆಯ ಈಚೆ ನಾನು ನನ್ನಷ್ಟಕ್ಕೆ ಗೊಣಗಿಕೊಂಡದ್ದೆಲ್ಲ ಅವರಿಗೆ ತಿಳಿದಿರಬೇಕು.

ಅದೇ ಮಕ್ತಲ್‌ನಲ್ಲಿ ಬಸವ್ವನ ಮೇಲಿನ ನನ್ನ ನಂಬಿಕೆಗೆ ಮೊದಲ ಬಿರುಕು ಬಿದ್ದದ್ದು. ಬಸವ್ವ ಒಳ್ಳೆಯ ಗುರು, ಆದರೆ ವರ್ಷ ಕಳೆದ ಹಾಗೆ ಆಕೆಗೆ ತನ್ನ ಬೆರಳಿಗೆ ಬಗ್ಗದ ರೋಗವೇ ಇಲ್ಲ ಎನಿಸತೊಡಗಿತು. ಒಬ್ಬ ಕಾಳಿನ ವ್ಯಾಪಾರಿಯ ಸೊಸೆಗೆ ಬೆನ್ನುನೋವು, ತಲೆನೋವು ಎಂದು ನಮ್ಮಿಬ್ಬರನ್ನೂ ಕರೆದರು. ನಾನು ಮೊದಲು ಮುಟ್ಟಿ ನೋಡಿದೆ.

“ಯಕ್ಕ, ಮೈ ಸುಡಾಕತ್ತೈತಿ” ಎಂದೆ.

“ನೋವಿನ ಕಾವು ಅದು. ಒತ್ತಿದ್ರ ಇಳೀತೈತಿ” ಎಂದು ಬಸವ್ವ ಕೂತೇಬಿಟ್ಟಳು.

ಆ ಹುಡುಗಿ ಒತ್ತಿಸಿಕೊಳ್ಳುತ್ತ ಪ್ರಜ್ಞೆ ತಪ್ಪಿದಳು. ಹಕೀಮರು ಓಡಿ ಬಂದರು. ನಾಡಿ ನೋಡಿ, ಇದು ವಿಷಮಜ್ವರ, ಯಾರೂ ಮೈ ಮುಟ್ಟಬೇಡಿ ಎಂದರು. ಹುಡುಗಿ ವಾರಗಟ್ಟಲೆ ಮಲಗಿ ಕಡೆಗೆ ಬದುಕಿಕೊಂಡಳು. ನಮ್ಮನ್ನು ಆ ಮನೆಯವರು ಮತ್ತೆ ಹೊಸ್ತಿಲು ತುಳಿಯಗೊಡಲಿಲ್ಲ. ಗಾಡಿಯಲ್ಲಿ ತಿರುಗಿ ಬರುವಾಗ ಬಸವ್ವ “ಇನ್ನೊಂದ್ ದಿನ ಬಿಟ್ಟಿದ್ರ ನಾನಾ ಇಳಸ್ತಿದ್ದೆ ಜ್ವರ” ಎಂದಳು. ಅಂದಿನಿಂದ ಯಾರ ಮೈ ಮುಟ್ಟಿದರೂ ನನ್ನೊಳಗೆ ಒಂದು ಅಳುಕು. ಅದು ಹೋಗಲೇ ಇಲ್ಲ. ಹೋಗದಿದ್ದದ್ದೇ ಒಳ್ಳೆಯದಾಯಿತು ಎಂದು ಈಗ ಅನಿಸುತ್ತದೆ.

ನನ್ನ ಗಂಡ ಮಲ್ಲಪ್ಪ ಸೀರೆಯ ಗಂಟು ಹೊತ್ತು ಮೂರು ಊರು ತಿರುಗುವವನು. ನಾರಾಯಣಪೇಟೆಯಿಂದ ಮಕ್ತಲ್, ಅಲ್ಲಿಂದ ಕೃಷ್ಣೆ ದಾಟಿ ಗದ್ವಾಲ್. ಈಗ ಜೂರಾಲದ ಅಣೆಕಟ್ಟು ಇರುವ ಮಗ್ಗುಲಲ್ಲಿ ಆಗ ಹರಿಗೋಲು ಹಾಕುತ್ತಿದ್ದರು. ಅವನಿಗೆ ಸೀರೆ ಕೊಡುತ್ತಿದ್ದ ವ್ಯಾಪಾರಿ ಹೇಳಿದ ಮೇಲೆ ನಾವು ಗದ್ವಾಲ್‌ನಲ್ಲೇ ಬಿಡಾರ ಹೂಡಿದೆವು. ಹಾಗೆ ನಾನು ಬಸವ್ವನಿಂದ ದೂರವಾಗಿ ನನ್ನ ಪಾಡಿಗೆ ಕೆಲಸ ಮಾಡತೊಡಗಿದೆ. ಆಕೆ ಆಗಾಗ ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದಳು.

ಅಷ್ಟರಲ್ಲಿ ಕಾಲ ಕೆಟ್ಟಿತು. ರಜಾಕಾರರ ಹೆಸರು ಕೇಳಿದರೆ ಬಾಗಿಲು ಹಾಕಿಕೊಳ್ಳುವ ದಿನಗಳು. ನಾಳೆ ಏನೋ ಎಂಬುದು ಪ್ರತಿಯೊಬ್ಬರ ಹೆಗಲಿನಲ್ಲಿ ಬೆರಳಿಗೆ ಸಿಗುತ್ತಿತ್ತು. ಒತ್ತಿ ಸಡಿಲ ಮಾಡಿ ಕಳಿಸಿದರೆ ಸಂಜೆಗೆ ಮತ್ತೆ ಬಿಗಿ. ಮೈಯನ್ನು ಒತ್ತಬಹುದು, ಕಾಲವನ್ನು ಒತ್ತಲಾದೀತೆ?

ಆ ದಿನಗಳಲ್ಲೇ ಅಂಬಮ್ಮ ನನ್ನ ಹತ್ತಿರ ಬಂದದ್ದು. ಆಕೆಯ ಗಂಡ ತಿಪ್ಪಣ್ಣ ಗದ್ವಾಲ್ ಸೀರೆ ನೇಯುವವನು. ಆ ಸೀರೆಯ ಒಡಲು ಹತ್ತಿಯದು, ಅಂಚು ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ನೇಯಲು ಮಗ್ಗದ ಎರಡು ತುದಿಗೆ ಇಬ್ಬರು ಬೇಕು. ಬಲತುದಿಗೆ ಕೂರುತ್ತಿದ್ದವಳು ಅಂಬಮ್ಮ. ತೆಲುಗು ಕನ್ನಡ ಎರಡನ್ನೂ ಕಲಸಿ ಮಾತಾಡುವವಳು, ನಾಲಿಗೆ ಚುರುಕು. ಬಲಹೆಗಲು ಎತ್ತಲು ಆಗುವುದಿಲ್ಲ ಎಂದು ಬಂದಳು.

ಮಗ್ಗುಲು ಮಾಡಿ ಮಲಗಿಸಿ ಹೆಗಲಿನ ಸುತ್ತ ಒತ್ತುತ್ತ ಬಂದೆ. ಕಂಕುಳದ ಹತ್ತಿರ ಬೆರಳಿಗೆ ಒಂದು ಗಂಟು ಹತ್ತಿತು. ಅಲ್ಲಿಂದ ಸ್ವಲ್ಪ ಮುಂದೆ, ಎದೆಯ ಅಂಚಿನಲ್ಲಿ, ಇನ್ನೊಂದು ದೊಡ್ಡದು. ನೇಕಾರರ ಮೈಯಲ್ಲಿ ಗಂಟುಗಳು ನನಗೆ ಹೊಸವಲ್ಲ. ಆದರೆ ಅವು ಬೆರಳಿನ ಕೆಳಗೆ ಜಾರುತ್ತವೆ, ಒತ್ತಿದರೆ ಹಾಯ್ ಎನ್ನಿಸುತ್ತವೆ, ಕಾದರೆ ಕರಗುತ್ತವೆ. ಇದು ಜಾರಲಿಲ್ಲ.

“ನೋಯತೈತೇನು?” ಎಂದೆ.

“ಇಲ್ಲಮ್ಮ. ಕೂಸಿಗೆ ಹಾಲು ಬಿಡಿಸಿದಾಗಿಂದ ಐತಿ ಅದು. ಅದಕ್ಕೇನು ಮಾಡ್ತಿ, ಹೆಗಲು ನೋಡು” ಎಂದಳು.

ನೋಯದಿರುವುದೇ ನನ್ನನ್ನು ಹೆದರಿಸಿತು. ಕೈ ಹಿಂದಕ್ಕೆ ತೆಗೆದೆ. ನಾಳೆ ಬಾ ಎಂದೆ. ಆ ದಿನವೆಲ್ಲ ಅಡಿಗೆಮನೆಗೆ ಹೋದವಳು ಏನು ತರಲು ಹೋದೆ ಎಂಬುದನ್ನೇ ಮರೆತು ನಿಂತಿರುತ್ತಿದ್ದೆ. ಬಸವ್ವ ಆಗ ಗದ್ವಾಲ್‌ಗೆ ಬಂದಿದ್ದಳು. ಮರುದಿನ ಆಕೆಯನ್ನೂ ಕೂರಿಸಿಕೊಂಡೆ.

ಬಸವ್ವ ಮುಟ್ಟಿ ನೋಡಿ ನಕ್ಕಳು. “ಹಾಲಿನ ಗಂಟು. ಇದಕ್ಯಾಕ ಇಷ್ಟು ಹೆದರೀದಿ? ದಿನಾ ಒತ್ತಿದ್ರ ಕರಗಿ ಹೋಗತೈತಿ” ಎಂದು ಹೆಬ್ಬೆರಳು ಊರಲು ಹೋದಳು. ನಾನು ಆಕೆಯ ಮಣಿಕಟ್ಟು ಹಿಡಿದೆ.

ಬಸವ್ವ ನನ್ನ ಕೈ ನೋಡಿದಳು, ಆಮೇಲೆ ನನ್ನ ಮುಖ. “ಯಾರ ಕೈ ಹಿಡದಿ, ಗೊತ್ತೈತೇನು?”

“ಗೊತ್ತೈತಿ ಯಕ್ಕ. ಒತ್ತಬ್ಯಾಡ.”

“ನೀ ಯಾವಾಗ ಡಾಕ್ಟ್ರಾದಿ?”

“ಆಗಿಲ್ಲ. ನೀನೂ ಆಗಿಲ್ಲ. ಅದಕ್ಕ ಬ್ಯಾಡ ಅಂತೀನಿ.”

ಬಸವ್ವ ಕೈ ಬಿಡಿಸಿಕೊಂಡು ಎದ್ದಳು. ಮೂಲೆಯಲ್ಲಿದ್ದ ತನ್ನ ಬಟ್ಟೆಗಂಟು ಎತ್ತಿಕೊಂಡಳು. “ನನ್ನ ಕೈಯಾಗ ಕಲತು ನನ್ನ ಕೈ ಹಿಡದಿ. ಇನ್ನ ನಿನಗ ನನ್ನ ಕೆಲಸ ಇಲ್ಲ” ಎಂದು ಬಿಸಿಲಿನಲ್ಲಿ ಹೊರಟೇ ಹೋದಳು. ನಾನು ಬಾಗಿಲಿನವರೆಗೆ ಹೋದೆ, ಕೂಗಲಿಲ್ಲ. ಚಾಪೆಯ ಮೇಲೆ ಎದ್ದು ಕೂತಿದ್ದ ಅಂಬಮ್ಮ ಸೆರಗು ಸರಿಮಾಡಿಕೊಳ್ಳುತ್ತ, “ನನ್ನ ಗಂಟಿನ ಸಲುವಾಗಿ ನೀವ್ಯಾಕ ಜಗಳಾಡ್ತೀರಿ? ಏನೈತಿ ಅಂತ ನನಗ ಹೇಳು” ಎಂದಳು.

“ಏನೈತಿ ಅಂತ ನನಗ ತಿಳೀವಲ್ದು. ತಿಳದವರ ಹತ್ರ ಹೋಗೂಣು” ಎಂದೆ.

ಗದ್ವಾಲ್‌ನ ದವಾಖಾನೆಯಲ್ಲಿ ಇದ್ದವರು, ಇದು ನಮ್ಮಿಂದ ಆಗುವುದಲ್ಲ, ತುಂಗಭದ್ರೆಯ ಆಚೆ ಕರ್ನೂಲಿಗೆ ಹೋಗಿ, ತಡ ಮಾಡಬೇಡಿ ಎಂದರು. ಕರ್ನೂಲೆಂದರೆ ಪರರಾಜ್ಯ. ರೈಲು ಒಂದು ದಿನ ಬಂದರೆ ಇನ್ನೊಂದು ದಿನ ಇಲ್ಲ, ಬಂದರೂ ಗಾಡಿ ನಿಲ್ಲಿಸಿ ಜನರನ್ನು ಇಳಿಸುತ್ತಾರೆ ಎಂಬ ಸುದ್ದಿ. ಮಗ್ಗದ ಮೇಲೆ ಒಬ್ಬ ದೇಶಮುಖರ ಮನೆಯ ಮದುವೆ ಸೀರೆ ಅರ್ಧಕ್ಕೆ ನಿಂತಿತ್ತು. ಅದು ಮುಗಿಯಲಿ, ಗಲಾಟೆ ತಣ್ಣಗಾಗಲಿ, ಆಮೇಲೆ ನೋಡೋಣ ಎಂದ ತಿಪ್ಪಣ್ಣ. ನನ್ನ ಕಡೆ ತಿರುಗಿ, “ನೀನಾ ಒತ್ತಿ ಕರಗಿಸಬಾರದೇನವ್ವ? ಆ ದೊಡ್ಡಾಕಿ ಆಗತೈತಿ ಅಂದ್ಲಂತಲ್ಲ” ಎಂದು ಕೇಳಿದ. ಅವನ ಮುಖ ನೋಡಲು ನನಗೆ ಆಗಲಿಲ್ಲ. ನಾನು ಹೇಳಿದ್ದು ತಪ್ಪಾದರೆ? ಬಸವ್ವನೇ ಸರಿಯಾದರೆ? ಈ ಇಬ್ಬರನ್ನು ಗಲಾಟೆಯ ದಾರಿಗೆ ನಾನೇ ದೂಡುತ್ತಿರಬಹುದಲ್ಲ?

ನಿರ್ಧಾರ ಮಾಡಿದವಳು ಅಂಬಮ್ಮ. ಕತ್ತರಿ ತಂದು ಗಂಡನ ಮುಂದೆ ಇಟ್ಟಳು. “ಸೀರಿ ಎಷ್ಟಾಗೇತೋ ಅಷ್ಟಕ್ಕ ಕೊಯ್ದು ಇಡು. ಅದನ್ನ ನೋಡಕೋಂತ ಕುಂತ್ರ ನಾವ್ ಹೊರಡಂಗಿಲ್ಲ.” ತಿಪ್ಪಣ್ಣ ಕೊಯ್ಯಲಿಲ್ಲ. ಅಂಬಮ್ಮ ತಾನೇ ಹಾಸಿನ ಎಳೆಗಳನ್ನು ಹಿಡಿದು ಕೊಯ್ದಳು. ಕೂಸನ್ನು ಅತ್ತೆಯ ಹತ್ತಿರ ಬಿಟ್ಟಳು. ಮಲ್ಲಪ್ಪ ಗಾಡಿ ಕಟ್ಟಿದ, ನಾನೂ ಹತ್ತಿದೆ.

ತುಂಗಭದ್ರೆಯ ದಡದಲ್ಲಿ ಕರೋಡಗಿರಿಯ ನಾಕಾ ಇತ್ತು. ಗಡಿ ದಾಟುವ ಸರಕಿಗೆ ಸುಂಕ ನೋಡುವವರು. ಆ ದಿನಗಳಲ್ಲಿ ಸರಕಿಗಿಂತ ಜನರನ್ನೇ ಹೆಚ್ಚು ನೋಡುತ್ತಿದ್ದರು. ಜವಾನ ನಮ್ಮ ಗಂಟು ಬಿಚ್ಚಿಸಿದ. ಜೋಳದ ರೊಟ್ಟಿ, ಕೆಂಪು ಪುಡಿ, ಎರಡು ಸೀರೆ. ಸೀರೆಯ ಜರಿ ನೋಡಿದವನೇ ಕಳ್ಳತನದಿಂದ ಸಾಗಿಸುತ್ತಿದ್ದೀರಿ ಎಂದ. ತಿಪ್ಪಣ್ಣನಿಗೆ ಉರ್ದು ಚೆನ್ನಾಗಿ ಬರುತ್ತಿತ್ತು, ಆದರೆ ಹೆದರಿಕೆಗೆ ಒಂದು ಮಾತೂ ಹೊರಡಲಿಲ್ಲ. ಹರಿಗೋಲಿನವನು ಹುಟ್ಟು ಹಿಡಿದು ನಿಂತಿದ್ದ. ಜವಾನ ನಮ್ಮನ್ನು ಒಬ್ಬೊಬ್ಬರನ್ನಾಗಿ ನಾಕಾದ ಕೋಣೆಯೊಳಗೆ ಬರಲು ಹೇಳಿದ.

ಆಗ ಅಂಬಮ್ಮ ಮುಂದೆ ಬಂದಳು. ಸುತ್ತ ಹತ್ತಾರು ಗಂಡಸರು ನಿಂತಿದ್ದರು. “ಸಾಬ್, ಛಾತೀ ಮೇ ಗಾಂಠ್ ಹೈ” ಎಂದಳು. ಆಮೇಲೆ ಎಲ್ಲರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ, “ನನ್ನ ಎದ್ಯಾಗ ಗಂಟೈತಿ. ದವಾಖಾನಿಗೆ ಹೊಂಟೀನಿ. ಬೇಕಾದ್ರ ಸೀರಿ ಇಟಗೋರಿ, ನನ್ನ ಬಿಡ್ರಿ” ಎಂದಳು.

ಯಾವ ಹೆಂಗಸೂ ಗಂಡನ ಮುಂದೆ ಸಹ ಬಾಯಿಬಿಟ್ಟು ಹೇಳದ ಮಾತು ಅದು. ಜವಾನ ನೆಲ ನೋಡಿದ. ಸೀರೆಗಳನ್ನು ತಾನೇ ಮಡಚಿ ಗಂಟಿನಲ್ಲಿಟ್ಟು ಕೈ ಬೀಸಿದ. ಹರಿಗೋಲಿನಲ್ಲಿ ಕೂತ ಮೇಲೆ ಅಂಬಮ್ಮನ ಹಲ್ಲು ಕಟಕಟ ಅಂದವು. ನಾನು ಆಕೆಯ ಅಂಗಾಲು ಹಿಡಿದು ಕೂತೆ. ಒತ್ತಲಿಲ್ಲ, ಬರೀ ಹಿಡಿದಿದ್ದೆ. ಆಚೆ ದಡ ಮುಟ್ಟುವವರೆಗೂ ಬಿಡಲಿಲ್ಲ.

ಕರ್ನೂಲಿನ ದವಾಖಾನೆಯಲ್ಲಿ ನೋಡಿದವರು ಹೆಂಗಸು ಡಾಕ್ಟರು. ತೆಲುಗಿನಲ್ಲಿ ಮಾತಾಡಿದರು. ಬಹಳ ಹೊತ್ತು ಪರೀಕ್ಷೆ ಮಾಡಿ, ಬೇಗ ಕೊಯ್ದು ತೆಗೆಯಬೇಕು, ಎದೆಯ ಆ ಭಾಗ ಉಳಿಯುವುದಿಲ್ಲ ಎಂದರು. ಗಂಟು ಮೊದಲು ನೋಡಿದವರು ಯಾರು ಎಂದು ಕೇಳಿದರು. ಅಂಬಮ್ಮ ನನ್ನನ್ನು ತೋರಿಸಿದಳು.

“ಅದನ್ನು ತಿಕ್ಕಿದಿರಾ? ಒತ್ತಿದಿರಾ?”

“ಇಲ್ಲಮ್ಮ.”

“ಒಳ್ಳೆಯದು” ಎಂದರು. ಒತ್ತಿದ್ದರೆ ಏನಾಗುತ್ತಿತ್ತು ಎಂದು ಕೇಳಬೇಕೆನ್ನುವಷ್ಟರಲ್ಲಿ ಇನ್ನೊಬ್ಬ ರೋಗಿಯ ಹತ್ತಿರ ಹೋದರು. ಆ ಪ್ರಶ್ನೆ ನನ್ನ ಹತ್ತಿರವೇ ಉಳಿಯಿತು.

ಅಂಬಮ್ಮ ಬದುಕಿದಳು. ಗಾಯ ಮಾಯುವವರೆಗೆ ನಾವು ಅಲ್ಲೇ ಇದ್ದೆವು. ತಿಪ್ಪಣ್ಣ ದವಾಖಾನೆಯ ಹೊರಗಿನ ಬೇವಿನ ಮರದ ಕೆಳಗೆ ದಿನವೆಲ್ಲ ಕೂತಿರುತ್ತಿದ್ದ. ನದಿ ದಾಟಿ ಬಂದವರ ಬಾಯಿಂದ ನಮ್ಮ ಕಡೆಯ ಸುದ್ದಿ ಕೇಳುವುದು, ಒಳಗೆ ಬಂದು ಹೆಂಡತಿಗೆ ಎಲ್ಲ ಚೆನ್ನಾಗಿದೆ ಎಂದು ಸುಳ್ಳು ಹೇಳುವುದು ಅವನ ಕೆಲಸವಾಗಿತ್ತು. ನಾವು ಗದ್ವಾಲ್‌ಗೆ ತಿರುಗಿ ಬಂದ ಕೆಲವು ತಿಂಗಳಿಗೆ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮರ ರಾಜ್ಯ ಮುಗಿಯಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ, ಹುಡುಗಿಯರೇ. ನನ್ನ ಕೆಲಸದ ನಿಜವಾದ ಪರೀಕ್ಷೆ ನಡೆದದ್ದು ಆಮೇಲೆ. ಅಂಬಮ್ಮನ ತೋಳು ಊದಿಕೊಂಡಿತು. ಮೊಣಕೈ ಎದೆಗೆ ಅಂಟಿದ ಹಾಗೆ ಇರುತ್ತಿತ್ತು. ಕೈಯನ್ನು ಗೋಡೆಯ ಮೇಲೆ ದಿನಾ ಬೆರಳಿನಷ್ಟು ಮೇಲೆ ಹತ್ತಿಸಬೇಕೆಂದು ಡಾಕ್ಟರು ಹೇಳಿದ್ದರು, ಊದಿದ ಕಡೆ ಒತ್ತಬಾರದೆಂದೂ ಹೇಳಿದ್ದರು. ಹಾಗಾದರೆ ನಾನೇನು ಮಾಡಲಿ? ಪಾದ ಒತ್ತಿದೆ. ಬೆನ್ನಿನ ಕೆಳಗೆ, ಇನ್ನೊಂದು ಹೆಗಲು, ತಲೆಯ ಹಿಂಭಾಗ. ಮೊದಮೊದಲು ಆಕೆ ಒತ್ತಿಸಿಕೊಳ್ಳುವಾಗ ಉಸಿರು ಬಿಗಿ ಹಿಡಿಯುತ್ತಿದ್ದಳು, ತನ್ನ ಮೈಯನ್ನು ತಾನೇ ನಂಬದವರ ಹಾಗೆ. ಬರಬರುತ್ತ ಉಸಿರು ಇಳಿಯಿತು. ನಿದ್ದೆ ಬಂತು. ನಿದ್ದೆ ಬಂದ ಮೇಲೆ ಸಿಟ್ಟು ಬಂತು, ಸಿಟ್ಟು ಬಂದ ಮೇಲೆ ಗೋಡೆಯ ಮೇಲೆ ಕೈ ಹತ್ತತೊಡಗಿತು. ರೋಗ ತೆಗೆದವರು ಡಾಕ್ಟರು. ಆಕೆ ತನ್ನ ಮೈಗೆ ತಾನು ತಿರುಗಿ ಬರಲು ನಾನು ಸ್ವಲ್ಪ ಜೊತೆ ಕೊಟ್ಟೆ. ಒತ್ತುವುದರಿಂದ ಆಗುವುದು ಇಷ್ಟು. ಇದು ಸಣ್ಣದಲ್ಲ. ಆದರೆ ಇದಕ್ಕಿಂತ ಹೆಚ್ಚು ಹೇಳಿ ಯಾರನ್ನೂ ಚಾಪೆಯ ಮೇಲೆ ಮಲಗಿಸಬೇಡಿ.

ಆಕೆ ಮಗ್ಗಕ್ಕೆ ಮರಳಿದಳು. ಬಲತುದಿ ಆಗಲಿಲ್ಲ, ಎಡತುದಿಗೆ ಕೂತಳು. ತಿಪ್ಪಣ್ಣ ಬಲಕ್ಕೆ ಹೋದ. ಇಬ್ಬರಿಗೂ ಹೊಸದು. ಮೊದಲ ಸೀರೆಯ ಅಂಚು ಹಾವು ಹರಿದ ಹಾಗೆ ಬಂತು. “ಇದನ್ನ ನಾನಾ ಉಡ್ತೀನಿ, ಯಾರೂ ಕೊಳ್ಳಂಗಿಲ್ಲ” ಎಂದು ಅಂಬಮ್ಮ ನಕ್ಕಳು.

ನಡೆದದ್ದನ್ನು ಬಸವ್ವನಿಗೆ ನಾನು ಹೇಳಿ ಕಳಿಸಿರಲಿಲ್ಲ. ಧೈರ್ಯವಾಗಿರಲಿಲ್ಲ. ಮಲ್ಲಪ್ಪನೇ ನಾರಾಯಣಪೇಟೆಗೆ ಹೋದಾಗ ಹೇಳಿದ್ದ. ಒಂದು ಮಧ್ಯಾಹ್ನ ನಾನು ಅಂಬಮ್ಮನ ಮನೆಯಲ್ಲಿದ್ದಾಗ ಗಾಡಿ ನಿಂತ ಸದ್ದಾಯಿತು. ಬಸವ್ವ ಒಳಗೆ ಬಂದಳು. ಸೊರಗಿದ್ದಳು, ಕೂದಲು ಪೂರಾ ನರೆತಿತ್ತು. ನನ್ನ ಕಡೆ ನೋಡದೆ ಮಗ್ಗದ ಹತ್ತಿರ ಕೂತಳು. ಬೈಯಲು ಬಂದಿದ್ದಾಳೋ ಅಳಲು ಬಂದಿದ್ದಾಳೋ ತಿಳಿಯದೆ ನಾನು ಎದ್ದು ನಿಂತೇ ಇದ್ದೆ.

“ಈಗ ಹೆಂಗೈತಿ?” ಎಂದು ಅಂಬಮ್ಮನನ್ನು ಕೇಳಿದಳು.

“ಅದೀನಿ, ಯಕ್ಕ” ಎಂದಳು ಅಂಬಮ್ಮ.

ಬಸವ್ವ ನನ್ನ ಕಡೆ ತಿರುಗಿದಳು. “ಬೆರಳಿಗೆ ಅದು ಹೆಂಗ ಹತ್ತಿತ್ತು?”

“ನೀನೂ ಮುಟ್ಟಿದ್ಯಲ್ಲ ಯಕ್ಕ.”

“ಮುಟ್ಟಿದ್ದೆ. ಮುಟ್ಟಿದ್ರೂ ತಿಳೀಲಿಲ್ಲ. ಅದಕ್ಕ ಕೇಳಾಕ ಬಂದೀನಿ.”

ಗಟ್ಟಿ ಇತ್ತು, ಜಾರಲಿಲ್ಲ, ಅಂಚು ಒರಟು ಎಂದೆಲ್ಲ ತೊದಲಿದೆ. ಬಸವ್ವ ತಲೆ ಅಲ್ಲಾಡಿಸಿದಳು. ಮಾತು ಆಕೆಯ ಬೆರಳಿಗೆ ಮುಟ್ಟುತ್ತಿರಲಿಲ್ಲ. ಆಗ ಅಂಬಮ್ಮ ಎದ್ದಳು. ಅಡಿಗೆಮನೆಯಿಂದ ಒಂದು ಹುಣಸೆಬೀಜ ತಂದಳು. ನೆನೆಸಿದ ನೂಲನ್ನು ಅಷ್ಟೇ ಗಾತ್ರದ ಉಂಡೆ ಕಟ್ಟಿದಳು. ಸೊಟ್ಟ ಅಂಚಿನ ಆ ಸೀರೆಯನ್ನು ಪದರು ಪದರಾಗಿ ಮಡಚಿ, ಒಳಪದರಿಗೆ ಬೀಜವನ್ನು ಹೊಲಿಗೆ ಹಾಕಿ ಬಿಗಿದಳು, ನೂಲುಂಡೆಯನ್ನು ಹೊಲಿಯದೆ ಮಡಿಕೆಯೊಳಗೆ ಹಾಗೇ ಬಿಟ್ಟಳು. ನನ್ನ ಮುಂದೆ ಹಿಡಿದು, “ಹಿಂಗಿತ್ತೇನು?” ಎಂದಳು. ಮುಟ್ಟಿ ನೋಡಿ ಹೌದೆಂದೆ. ಬಸವ್ವನ ತೊಡೆಯ ಮೇಲೆ ಇಟ್ಟಳು.

ಬಸವ್ವ ಕಣ್ಣು ಮುಚ್ಚಿ ಹುಡುಕಿದಳು. ಮೊದಲು ನೂಲುಂಡೆಗೆ ಇದೇ ಎಂದಳು. ಅಂಬಮ್ಮ ಅಲ್ಲವೆಂದಳು. ಮಡಿಕೆ ಬಿಚ್ಚಿ ಬೇರೆ ಕಡೆ ಹೊಲಿದು ಮತ್ತೆ ಕೊಟ್ಟಳು. ಒತ್ತುವ ಚಾಳಿ ಬಿದ್ದ ಆ ಹೆಬ್ಬೆರಳು ಪ್ರತಿ ಸಲವೂ ಊರಲು ಹೋಗುತ್ತಿತ್ತು. “ಊರಬ್ಯಾಡ ಯಕ್ಕ, ಬರೇ ಕೇಳು” ಎಂದಳು ಅಂಬಮ್ಮ. ಬೆರಳು ಮೇಲೆ ಬಂತು. ಹಗುರಾಗಿ ತಿರುಗಿತು. ಒಂದು ಕಡೆ ನಿಂತಿತು. “ಜಾರಂಗಿಲ್ಲ ಇದು” ಎಂದಳು ಬಸವ್ವ, ಬಹಳ ಮೆಲ್ಲಗೆ.

ಬಾಗಿಲಲ್ಲಿ ಗಾಡಿಯವನು ಹೊತ್ತಾಯಿತು, ಹರಿಗೋಲು ತಪ್ಪುತ್ತದೆ ಎಂದು ಕರೆದ. ಬಸವ್ವ ಕಣ್ಣು ತೆರೆಯಲಿಲ್ಲ. ಸೀರೆಯನ್ನು ಅಂಬಮ್ಮನ ಕಡೆಗೆ ಸರಿಸಿ, “ಬೀಜ ಇನ್ನೊಂದ್ಸಲ ಮುಚ್ಚಿಡು” ಎಂದಳು.